ಒಂದು ಗುಂಡಿ ಬಾಕಿ

ಮಂಡ್ಯದ ಗುತ್ತಲು ರಸ್ತೆ, ನನ್ನ ಹೊಲಿಗೆ ಅಂಗಡಿ.
ಮಿಷನ್ನಿನ ಪಕ್ಕ, ಪೆಡಲಿಗೆ ಕೈ ತಾಗದಷ್ಟು ದೂರಕ್ಕೆ
ಸೀಮೆಸುಣ್ಣದಲ್ಲಿ ಗೆರೆ ಎಳೆದು
ಕೂರಿಸಿದ್ದೇನೆ ಇಂಪನಳನ್ನು.
ಮೂರು ವರ್ಷ, ಮೇಲೆ ಎರಡು ತಿಂಗಳು.
ಚೂರುಬಟ್ಟೆ ಅವಳ ಆಸ್ತಿ,
ಬಂದುಹೋಗುವವರ ಕಾಲು ಅವಳ ನೆರೆಹೊರೆ.

ಮೊದಮೊದಲು ಇದ್ದದ್ದು ಇದ್ದ ಹಾಗೆ.
ಪಂಕಜಾಕ್ಷಿ ಟೀಚರು ಬಂದು ‘ಆಯ್ತಾ?’ ಅಂದರೆ
‘ಆಯ್ತು ಮೇಡಂ, ಒಂದು ಗುಂಡಿ ಬಾಕಿ’ ಅಂತ ನಾನು,
‘ಇನ್ನೂ ಕತ್ತರಿಸೇ ಇಲ್ಲ, ಅಲ್ಲದೆ ಗಂಟು’ ಅಂತ
ಕೆಳಗಿನಿಂದ ಅವಳು.
ಟೀಚರು ನಕ್ಕರು, ನನ್ನ ಪುಣ್ಯ.
ಎಲ್ಲರೂ ನಗುವುದಿಲ್ಲ.

ಪಕ್ಕದ ಮನೆ ಹೊಸ್ತಿಲಲ್ಲಿ ನಿಂತು
‘ನಮ್ಮನೇಲಿ ಅಕ್ಕಿ ಇಲ್ಲ’ ಅಂದವಳು.
ಹಾಗನ್ನಬಾರದು ಮಗ, ಅಕ್ಕಿ ತುಂಬಿದೆ ಅನ್ನಬೇಕು.
ಡಬ್ಬದೊಳಗೆ ಕೈ ಹಾಕಿದಳು, ಆಮೇಲೆ ತಲೆ.
ನನ್ನ ಮುಖ ನೋಡಿದಳು.
‘ತುಂಬದೆ’ ಅಂದಳು,
ಪಾಪ ಅನ್ನುವ ಹಾಗೆ.

ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನು.
ಅಜ್ಜಿಗೆ ಬಸ್ಸಿನ ಬಾಗಿಲಿಂದ ‘ಬರ್ತೀನಿ’ ಅಂದು
ಇಳಿದೇಬಿಟ್ಟಳು.
ಅಂದೆನಲ್ಲ, ಬಂದೆ.
ಮಳವಳ್ಳಿ ಬಸ್ಸಿನ ಕಂಡಕ್ಟರು
ಊದಬೇಕಾದ ಸೀಟಿ ಬಾಯಲ್ಲೇ ಕಚ್ಚಿ ನಿಂತ.

ಹೇಗೆ ಕಲಿತಳೋ, ಕೇಳಬೇಡಿ.
ನಾನು ಕೂರಿಸಿ ಕಲಿಸಿದ್ದು ಒಂದೂ ಹತ್ತಲಿಲ್ಲ.
ಒಂದು ರಾತ್ರಿ, ಮಲಗು ಬಾರೇ ಅಂದರೆ
ಚೂರುಬಟ್ಟೆ ಗುಡ್ಡೆಯಿಂದ ತಲೆಯೇ ಎತ್ತದೆ,
‘ಬಂದೆ ಮೇಡಂ, ಒಂದು ಗುಂಡಿ ಬಾಕಿ.’

ಕಾರ್ಖಾನೆ ಅರೆಯಲು ಶುರುಮಾಡಿದ ವಾರ.
ಕಬ್ಬಿನ ಟ್ರ್ಯಾಕ್ಟರು ಹಾದಾಗೆಲ್ಲ
ಶೋಕೇಸಿನ ಗಾಜು ನಡುಗುತ್ತಿತ್ತು.
ಚೆನ್ನಾಜಮ್ಮ ಬಂದರು.
ಮಗಳದ್ದೊಂದು ರವಿಕೆ ಅಳತೆಗೆ ಕೊಟ್ಟಿದ್ದರಲ್ಲ,
ಅದು ವಾಪಸು ಬೇಕಂತೆ.
ಹೊಲಿಯಲು ಕೊಟ್ಟದ್ದು ಬೇಡವಂತೆ.
ಅಷ್ಟೇ ಅಂದರು.
ನನಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು.
ಟೇಪು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.
ಹದಿನಾರು ವರ್ಷ ಗಿರಾಕಿಗಳನ್ನು
ನಾಳೆ ನಾಳೆ ಅಂತ ಸಾಗಹಾಕಿದ ಬಾಯಿಗೆ
ಒಂದು ಎಳೆ ಮಾತು ಪೋಣಿಸಲಾಗಲಿಲ್ಲ.

ಗೆರೆ ದಾಟಿ ಬಂದಳು ಇಂಪನ.
ಸ್ಟೂಲಿನ ಮೇಲಿದ್ದ ಬಟ್ಟೆ ಕೆಳಗೆ ತಳ್ಳಿ
ಎರಡೂ ಕೈಯಲ್ಲಿ ಎಳೆದೆಳೆದು
ಅವರ ಕಾಲ ಹತ್ತಿರ ತಂದಳು.
ಡಿಸಿ ಆಫೀಸಿನ ಸಾಹೇಬರಿಗೂ
‘ಏಯ್, ಬಾ, ಕೂತ್ಕೊ’ ಅಂದಿದ್ದವಳು
‘ಕೂತ್ಕೊಳಿ’ ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
‘ಅವ್ವ ಟೀ ಕಾಯಿಸ್ತಾಳೆ.’

ಎದ್ದೆ.
ಸಕ್ಕರೆ ಡಬ್ಬ ತುಂಬಿತ್ತು.
ಲೋಟ ಹಿಡಿದು ಪಕ್ಕದ ಮನೆಗೆ ಹೋದೆ.