ಖಾರದ ಕೈ

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ,
ಹಂಗಂತ ಜಗತ್ತೆಲ್ಲಾ ಹೇಳ್ತೈತಿ.
ಜಗತ್ತು ಒಂದು ದಿನಾನೂ ನೆಲಕ್ಕ ಕುಂತು
ಮೂವತ್ತು ಕಿಲೋ ತೊಟ್ಟು ಮುರದಿಲ್ಲ.

ನಾನೂ ಮುರದಿಲ್ಲ. ನಾನು ಗುಮಾಸ್ತ.
ಮುರಿಗೆಪ್ಪ ಸಾವಕಾರರ ಅಡತಿ ಅಂಗಡ್ಯಾಗ
ಕಂಪ್ಯೂಟರಿನ ಮುಂದ, ಫ್ಯಾನಿನ ಕೆಳಗ
ಮೂಗಿಗೆ ಟವೆಲ್ಲು ಸುತ್ತಿಕೊಂಡು
ಸೀನಿಕೋತ ಲೆಕ್ಕಾ ಬರಿಯಾಂವ.

ತಿಂಗಳ ಇಪ್ಪತ್ತನೇ ತಾರೀಖು ತೆರಿಗಿ ಕಟ್ಟೂ ದಿನ.
ಸಾವಕಾರರು ಒಂದು ರೂಪಾಯಿನೂ ಮುಚ್ಚಿಡೂದಿಲ್ಲ,
ಅದನ್ನ ಹೇಳಲೇಬೇಕು. ಕಟ್ತಾರ. ಕಟ್ಟಿ ಬೈತಾರ.
"ರಸ್ತಾಕ್ಕ ಕೊಡ್ತೀನಿ, ದವಾಖಾನಿಗೆ ಕೊಡ್ತೀನಿ,
ಗಡಿ ಕಾಯೂ ಹುಡುಗರಿಗೆ ಕೊಡ್ತೀನಿ.
ಮಂದಿ ಮಕ್ಕಳ ತಾಟಿಗೆ ಅನ್ನಾ ಸಾರು ನಾನ್ಯಾಕ ಹಾಕಲಿ?
ಹಡದಾವ್ರು ಇಲ್ಲೇನು?
ಬಿಟ್ಟಿ ಉಂಡ ಕೈ ದುಡಿಯೂದು ಮರೀತೈತಿ, ಗುಮಾಸ್ತರ."
ನಾನು ಹೂಂ ಅಂತೀನಿ. ಪಗಾರ ಅವರದು.

ಆ ಮಂಗಳವಾರ ಸಾಲ್ಯಾಗ ಗ್ಯಾಸ್ ಮುಗದಿತ್ತು.
ಅಡಗಿ ಮಾಬೂಬಿ ಖಾಲಿ ಸಿಲಿಂಡರ್ ಅಲುಗಾಡಿಸಿ ನೋಡಿ
ಬಾಗಲದಾಗ ಕುಂತಿದ್ಲಂತ.
ಹನ್ನೆರಡೂವರಿಗೆ ಹುಡುಗ್ರು ಗೇಟು ದಾಟಿ
ತಮ್ಮ ತಮ್ಮ ಅವ್ವಗೋಳನ್ನ ಹುಡುಕ್ಕೋತ
ಕೆಂಪು ರಾಶಿಗಳ ನಡುವ ಬಂದ್ವು, ಕೆಮ್ಮಿಕೋತ.

ಹುಲಿಗೆವ್ವ ಎದ್ಲು. ನಳದ ಕೆಳಗ ಕೈ ಹಿಡದ್ಲು.
ಸಾಬೂನು ಹಚ್ಚಿದ್ಲು. ಮಣ್ಣು ತಿಕ್ಕಿದ್ಲು.
ಬುತ್ತಿಯೊಳಗ ಮಜ್ಜಿಗಿ ಇದ್ದಾಕಿ ಒಬ್ಬಾಕಿ
ಒಂದೀಟು ಹೊಯ್ದಳು, ಉಳಿದದ್ದನ್ನ ಕುಡದಳು.
ಆಮ್ಯಾಲ ರೊಟ್ಟಿ ಮುರದು ಮಗಳ ಬಾಯಿಗೆ ಇಟ್ಲು.

ಅಂಜಿನಿಗೆ ಆರು ವರ್ಷ.
ಮೊದಲು ತುಟಿ ನೆಕ್ಕಿಕೊಂಡ್ಲು.
ಅವ್ವನ ಕೈ ಹಿಡದಿದ್ದ ಕೈಲೇ ಕಣ್ಣು ತಿಕ್ಕಿದ್ಲು.
ಆಮ್ಯಾಲ ಚೀರಿದ್ಲು.

ಹುಲಿಗೆವ್ವ ತನ್ನ ಕೈ ತಾನೇ ನೋಡಿಕೊಂಡ್ಲು,
ಯಾರದೋ ಸಾಮಾನು ಕದ್ದು ತಂದ್ಹಂಗ.

ಕಣ್ಣಿಗೆ ನೀರು ಹೊಡಿಸಿಕೊಂಡ ಕೂಸು
ಸೀದಾ ನನ್ನ ಮೇಜಿನ ಹತ್ರ ಬಂದು ನಿಂತ್ತು:
"ಕಾಕಾ, ನಿಮ್ಮ ಕೈ ಖಾರ ಇಲ್ಲಲ್ಲಾ, ನೀವು ಮುರದು ಕೊಡ್ರಿ."
ಕೊಟ್ಟೆ. ಹದಿನಾಲ್ಕು ವರ್ಷದಾಗ ಆ ಅಂಗಡ್ಯಾಗ
ನನ್ನ ಕೈ ಮುರದದ್ದು ಆ ಒಂದು ರೊಟ್ಟಿ.
"ಮಾಬೂಬಿ ಆಯಿ ಕೈನೂ ತಣ್ಣಗ ಇರ್ತೈತಿ,"
ಅಂತ ಹೇಳಿಕೋತ ಉಂಡಿತು.

ಸಾವಕಾರರು ಗಾದಿ ಮ್ಯಾಲಿಂದ ಎಲ್ಲಾ ನೋಡಿದ್ರು.
ಏನರ ಅಂತಾರ ಅಂತ ಕಾದೆ. ಗಡಿಯಾರ ನೋಡಿದ್ರು.
"ಎಷ್ಟು ಹೆಣಮಕ್ಕಳು ಎದ್ರು?"
"ಇಪ್ಪತ್ತಾರು, ರೀ."
"ಎಷ್ಟು ಹೊತ್ತು?"
"ಮುಕ್ಕಾಲು ತಾಸು."
ಸಂಜಿಗೆ ಹೋಗಬೇಕಾದ ಲಾರಿ ಅರ್ಧಾ ತುಂಬಿ ನಿಂತಿತ್ತು.
ಅವರು ಬೆರಳು ಮಡಚಿದ್ರು, ಬಿಚ್ಚಿದ್ರು, ಮತ್ತ ಮಡಚಿದ್ರು.

ಹಂಗಾರ ದಿನಾ ಮಧ್ಯಾಹ್ನ
ಈ ಮುಕ್ಕಾಲು ತಾಸು ಇವರಿಗೆ ಯಾರು ಕೊಡ್ತಿದ್ರು?
ಬಿಟ್ಟಿ ಉಂಡ ಕೈ ಯಾವುದು?
ನಾನು ಕೇಳಲಿಲ್ಲ. ಕೇಳಬೇಕಿತ್ತು.
ಪಗಾರ ಅವರದು.

ದೀಪಾ ಹಚ್ಚೂ ಹೊತ್ತಿಗೆ ಹುಲಿಗೆವ್ವ
ಮೂಲಿ ಕಿರಾಣಿಯೊಳಗ ಸಾಬೂನು ಕೊಂಡ್ಲು.
ಈ ಕೆಲಸಕ್ಕ ವಾರಕ್ಕೊಂದು ಸವೀತೈತಿ.
ಅಂಗಡಿಯಾಂವ ಬಿಲ್ಲು ಕೊಡಲಿಲ್ಲ. ಕೊಟ್ಟಿದ್ರ ತೋರಿಸ್ತಿದ್ದೆ:
ನೋಡವ್ವಾ, ಇದರಾಗ ನಿನ್ನ ತೆರಿಗಿ ಐತಿ.
ನಿನ್ನ ಮಗಳ ತಾಟಿನ್ಯಾಗ
ಒಂದು ಅಗಳು ನಿಂದೂ.
ನಿನ್ನ ಕೈ ಮುಟ್ಟಲಾರದ ನೀನು ಉಣಿಸಿದ್ದು.

ಬುಧವಾರ ಸಿಲಿಂಡರ್ ಬಂತು.
ಸಾರಿನ ಒಗ್ಗರಣಿ ವಾಸನಿ
ಇಡೀ ಪ್ಯಾಟಿ ಘಾಟು ದಾಟಿ ನಮ್ಮ ಬಾಗಲತನಾ ಬಂತು.
ಒಬ್ಬರೂ ಏಳಲಿಲ್ಲ. ತೊಟ್ಟು ಮುರಿಯೂ ಸಪ್ಪಳ ಒಂದ.

ಮುಂದಿನ ಇಪ್ಪತ್ತಕ್ಕ ಸಾವಕಾರರು ಮತ್ತ ಸುರು ಮಾಡಿದ್ರು:
"ರಸ್ತಾಕ್ಕ ಕೊಡ್ತೀನಿ, ದವಾಖಾನಿಗೆ ಕೊಡ್ತೀನಿ,
ಗಡಿ ಕಾಯೂ ಹುಡುಗರಿಗೆ..."
ಅಲ್ಲಿಗೆ ನಿಂತ್ರು. ಕೆಮ್ಮಿದ್ರು. ಘಾಟೋ ಏನೋ.
"ಉಳಿದದ್ದು ನಿಮಗ ಗೊತ್ತ ಐತಲ್ಲಾ. ಕಟ್ರಿ."

ಕಟ್ಟಿದೆ.
ಈ ಸಲ ಹೂಂ ಅನ್ನಲಿಲ್ಲ.