ಬೆನ್ನ ಹಿಂದಿನವರು

ಮಂಗಳವಾರ ಹತ್ತಕ್ಕೆ ಸರಿಯಾಗಿ
ಬ್ರೆಡ್ಡಿನ ಡಬ್ಬಿಗೆ ಒರಗಿಸಿಟ್ಟ ಗಾಜಿನೊಳಗೆ
ತ್ರೀನು ಬರುತ್ತಾಳೆ, ಕಡಲಾಚೆಯ ತಾರ್ತುವಿನಿಂದ.
ಮೊಮ್ಮಗಳ ವಯಸ್ಸು, ಪೊಲೀಸರ ಶಿಸ್ತು.
"ಕುರ್ಚಿಗೆ ಚಕ್ರವಿಲ್ಲ ತಾನೇ?
ಕಾಲುಚೀಲ ಕಳಚಿ, ಎಂಡೆಲ್, ಉಣ್ಣೆ ಜಾರುತ್ತದೆ."
ಕಳಚಿದೆ.
ಎಂಬತ್ತೊಂದರ ಹಿಮ್ಮಡಿ, ಫೆಬ್ರವರಿಯ ನೆಲ.

ಗಾಜಿನ ಹಲಗೆ, ಹಳದಿ ರಬ್ಬರಿನ ಪಟ್ಟಿ,
ಎರಡೂ ಆರೋಗ್ಯ ಕೇಂದ್ರದವರು ಕೊಟ್ಟದ್ದು.
ಜೊತೆಗೊಂದು ಫಾರಂ ಇತ್ತು:
ದಿನಕ್ಕೆಷ್ಟು ಜನರೊಡನೆ ಮಾತಾಡುತ್ತೀರಿ?
ರೇಡಿಯೋ ಸೇರಿಸಿ, ಎರಡು ಎಂದು ಬರೆದೆ.

ಉಕ್ಸ್, ಕಾಕ್ಸ್, ಕೋಲ್ಮ್, ನೇಲಿ.
ಮೊಣಕಾಲೊಳಗೆ ಮರಳು ಅರೆಯುವ ಸದ್ದು
ನನಗೊಬ್ಬನಿಗೇ ಕೇಳಿಸಲಿ, ದೇವರೇ.

ನಾನು ಈ ದ್ವೀಪದ ಬಸ್ಸು ಓಡಿಸಿದವನು,
ಮೂವತ್ತೆಂಟು ವರ್ಷ,
ಕೆರ್ದ್ಲಾದಿಂದ ಎಮ್ಮಾಸ್ತೆ, ಎಮ್ಮಾಸ್ತೆಯಿಂದ ಕೆರ್ದ್ಲಾ.
ಜನ ಅಂದರೆ ನನಗೆ
ತಲೆಯ ಮೇಲಿನ ಕನ್ನಡಿಯಲ್ಲಿ ಒಂದು ಗೇಣು ಹಣೆ,
ಒಂದು ಟೊಪ್ಪಿ, ಮಡಿಲಲ್ಲಿ ಮೀನಿನ ಬಕೆಟ್ಟು.
ಎಲ್ಲರೂ ಬೆನ್ನ ಹಿಂದೆ ಕೂತರು,
ಬೆನ್ನ ಹಿಂದೆಯೇ ಮುದುಕರಾದರು.
ಚಾಲಕನನ್ನು ಮಾತಾಡಿಸಬಾರದೆಂದು ಬೋರ್ಡಿತ್ತು.
ಬೋರ್ಡಿನ ಮಾತು ಅವರೂ ಮೀರಲಿಲ್ಲ,
ನಾನೂ.

ಈಗ ನೋಡಿ, ಎದುರುಬದುರು.
ಆರು ಚೌಕ, ಆರು ಕೋಣೆ.
ಊನೋನ ಮೂಗಿನ ಹೊಳ್ಳೆಯಷ್ಟೇ ಕಾಣುತ್ತದೆ,
ಕ್ಯಾಮೆರಾ ಅಷ್ಟು ಕೆಳಗೆ.
ವೈಕೆಯ ಹಿಂದೆ ಸದಾ ಏನೋ ಕುದಿಯುತ್ತಿರುತ್ತದೆ.
ಹೆಲ್ಯು ತೂಕಡಿಸುತ್ತಾಳೆ, ಎಚ್ಚರಾದಾಗ ಎಲ್ಲರಿಗಿಂತ ಮುಂದಿರುತ್ತಾಳೆ.
ಕೊನೆಯ ಚೌಕ ಕಪ್ಪು.
ಸಾಲ್ಮೆ ಎಂದು ಬಿಳಿ ಅಕ್ಷರ, ಒಂದು ಉಸಿರು,
ಅವಳು ಕಾಲೆತ್ತಿದಳೋ ಇಲ್ಲವೋ
ಕಿರುಗುಟ್ಟುವ ಕುರ್ಚಿಯೇ ಸಾಕ್ಷಿ ಹೇಳಬೇಕು.

"ಕೈ ಚಾಚಿ ಎರಡೂ ಬದಿಗೆ,
ಪಕ್ಕದವರನ್ನು ಮುಟ್ಟುವ ಹಾಗೆ."
ನನ್ನ ಬಲಗೈ ವೈಕೆಯ ಗಡಿಗೆ ತಾಗುತ್ತಿತ್ತು.
ಚಳಿಗಾಲವಿಡೀ ಆ ಬೆರಳಂಚಿಗೋಸ್ಕರ
ಗಡ್ಡ ಹೆರೆದುಕೊಂಡು ಕೂತಿದ್ದೇನೆ,
ಹೇಳಿಕೊಳ್ಳಲು ನಾಚಿಕೆ.
ಒಂದು ದಿನ ಬಾಯಿ ಜಾರಿತು:
"ವೈಕೆ, ನಿನ್ನ ಎಡಕ್ಕೆ ನಾನಲ್ಲವೇ?"
"ನನ್ನ ಎಡಕ್ಕೆ ಊನೋ."
"ನನ್ನ ಎಡಕ್ಕೆ ಗೋಡೆ," ಅಂದ ಊನೋ,
"ನೆತ್ತಿಯ ಮೇಲೆ ನೀನು, ಮಾರಾಯ,
ವಾರವಾರವೂ ನಿನ್ನ ಬರಿಗಾಲು."
ತ್ರೀನು ನಕ್ಕಳು. ಒಬ್ಬೊಬ್ಬರ ಪರದೆಯಲ್ಲಿ
ಒಂದೊಂದು ಥರದ ಸಾಲಂತೆ.
ಅಂದರೆ ಇಷ್ಟು ದಿನ ನಾನು ಮುಟ್ಟಿದ್ದು
ಬ್ರೆಡ್ಡಿನ ಡಬ್ಬಿಯ ಮಗ್ಗುಲ ಗಾಳಿ.

ಯಾರೂ ಏನೂ ಅನ್ನಲಿಲ್ಲ.
ಯಾರೂ ಕೈ ಇಳಿಸಲೂ ಇಲ್ಲ.

ಆಗ ಕಪ್ಪು ಚೌಕ ಬಾಯಿಬಿಟ್ಟಿತು:
"ನನ್ನ ಬಲಕ್ಕೆ ನೀನಿದ್ದೀಯ, ಎಂಡೆಲ್.
ಮೊದಲ ದಿನದಿಂದ."

ಆ ಧ್ವನಿ! ಗುರುತು ಹತ್ತಿತು.
"ಹಾಲಿನ ಕಟ್ಟೆ ಹತ್ತಿರ ನಿಲ್ಲಿಸಿ."
ಇಪ್ಪತ್ತು ವರ್ಷ, ವಾರಕ್ಕೆರಡು ಸಲ
ಅಷ್ಟೇ ಮಾತು ಆಡಿ
ಹಿಂಬಾಗಿಲಿಂದ ಇಳಿದುಹೋದವಳು.
ಹಾಲಿನ ಕ್ಯಾನು ಇಡುವ ಆ ಮರದ ಕಟ್ಟೆ
ಎಂದೋ ಕೊಳೆತು ಬಿತ್ತು; ಅವಳು ಮಾತ್ರ
ಅದರ ಹೆಸರು ಬಿಟ್ಟಿರಲಿಲ್ಲ.
ಮುಖ? ನೋಡಿದ ನೆನಪಿಲ್ಲ.
ಕ್ಯಾಮೆರಾ ಹಾಕು ಅನ್ನಲು ನನಗೆ ಯಾವ ಬಾಯಿ?

ಮಾರ್ಚಿನಲ್ಲಿ ಬಿರುಗಾಳಿ ಎದ್ದಿತು,
ತಂತಿಯ ಮೇಲೆ ಪೈನ್ ಮರ ಉರುಳಿತು,
ಮೂರು ದಿನ ಕರೆಂಟಿಲ್ಲ.
ಮಂಗಳವಾರ ಹತ್ತಕ್ಕೆ ಗಾಜು ಕಪ್ಪಗೆ ಕೂತಿತ್ತು.
ಈಗ ಎಲ್ಲರೂ ಸಾಲ್ಮೆಯೇ.

ಒಲೆಯ ಬಳಿಗೆ ಕುರ್ಚಿ ಎಳೆದೆ, ಕಾಲುಚೀಲ ಕಳಚಿದೆ.
ಎಣಿಸುವವರಿಲ್ಲ. ಅಂಕಿಗೆ ಬದಲು
ಸ್ಟಾಪುಗಳ ಹೆಸರು ಕೂಗಿದೆ, ಖಾಲಿ ಅಡುಗೆಮನೆಯಲ್ಲಿ, ಗಟ್ಟಿಯಾಗಿ:
ಕೈನಾ, ಎಡಗಾಲು.
ಯೌಸ, ಬಲಗಾಲು.
ವಾಲ್ಗು, ಮತ್ತೆ ಎಡ.
ಹಾಲಿನ ಕಟ್ಟೆ ಬಂದಾಗ
ಎತ್ತಿದ ಕಾಲು ಎತ್ತಿಯೇ ಹಿಡಿದೆ,
ತೊಡೆ ನಡುಗಿದರೂ,
ಹಿಂಬಾಗಿಲು ತೆರೆದು
ಒಬ್ಬರು ನಿಧಾನ ಇಳಿಯುವಷ್ಟು ಹೊತ್ತು.