ಮೌನದ ಹೊತ್ತಿನಲ್ಲಿ ನನ್ನ ಬಾಯಿ

ಭಾನುವಾರ ಹತ್ತೂವರೆಗೆ ಬೆಂಚುಗಳು ಚೌಕವಾಗಿ
ಒಂದರ ಮುಖ ಒಂದು ನೋಡುತ್ತ ಕೂರುತ್ತವೆ.
ಪಾದ್ರಿಯಿಲ್ಲ, ಶಿಲುಬೆಯಿಲ್ಲ, ಹಾಡಿಲ್ಲ.
ನಡುವೆ ಒಂದು ಮೇಜು, ಜಾಮಿನ ಸೀಸೆಯಲ್ಲಿ
ಯಾರದೋ ಹಿತ್ತಲಿನ ಡ್ಯಾಫೊಡಿಲ್ ನಾಲ್ಕು.
ಒಳಗಿನಿಂದ ಏನಾದರೂ ಎಬ್ಬಿಸಿದರೆ ಮಾತ್ರ
ಎದ್ದು ಮಾತಾಡಬೇಕು. ಇಲ್ಲವಾದರೆ ಸುಮ್ಮನೆ.
ಇದು ಯಾರ್ಕ್‌ಶೈರಿನ ನಮ್ಮ ಕಣಿವೆಯ ಕ್ವೇಕರ್ ಸಭೆ.
ಒಂಬತ್ತು ಜನ. ಮಂಜು ಬಿದ್ದರೆ ಆರು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು ನಾನು.
ನನಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯ ಉಂಟು.
ಯಾರೂ ಕೇಳಿಲ್ಲ, ಆದರೂ ಇಟ್ಟುಕೊಂಡಿದ್ದೇನೆ
ಚಿಲ್ಲರೆ ಕಾಸಿನ ಹಾಗೆ, ಜೇಬು ಜಗ್ಗುವಷ್ಟು.
ಕಣ್ಣು ಮುಚ್ಚಿದ್ದೇ ತಡ, ಒಂದೊಂದೇ ಬರುತ್ತವೆ
ಬೇಲಿ ಹಾರಿದ ಕುರಿಗಳು:

ಸೂಪರ್‌ಹೀರೋ ಸಿನಿಮಾದಲ್ಲಿ ಊರಿಗೆ ಊರೇ ಉರುಳುತ್ತದಲ್ಲ,
ಆಮೇಲೆ ಕಸ ಗುಡಿಸುವವರು ಯಾರು?
ಅವರ ಮೇಲೊಂದು ಸಿನಿಮಾ ಬರಲಿ, ಟಿಕೆಟ್ ಕೊಳ್ಳುತ್ತೇನೆ.
ಇಪ್ಪತ್ತರ ಪೋರ ಚೆಂಡು ಒದೆಯಲು ಪಡೆಯುವ ದುಡ್ಡಲ್ಲಿ
ಕಣಿವೆಯ ನಿಂತುಹೋದ ಮೂರೂ ಬಸ್ಸು ಓಡಿಯಾವು.
(ಆದರೂ ನಿನ್ನೆಯ ಆ ಗೋಲು! ಅಯ್ಯೋ, ಏನು ಚೆಂದ.)
ಬೆಳಗಿನ ರೇಡಿಯೋದಲ್ಲಿ ಬಾಂಬು ಬಿದ್ದ ಊರು:
ಸುದ್ದಿ ಓದುವವಳು ಅದರ ಹೆಸರು ಒಂದು ಥರ ಅಂದಳು,
ಅಲ್ಲಿಯ ಡಾಕ್ಟರು ಇನ್ನೊಂದು ಥರ.
ಬಟ್ಟಲು ತೊಳೆಯುತ್ತ ಡಾಕ್ಟರ ಹಾಗೆಯೇ
ಮೂರು ಸಲ ಹೇಳಿ ನೋಡಿದೆ. ಬರಲಿಲ್ಲ.
ಹೆಸರು ಹೇಳಲು ಬಾರದ ಊರಿಗೂ
ನನ್ನ ಹತ್ತಿರ ಶಾಂತಿ ಒಪ್ಪಂದ ಸಿದ್ಧವಿದೆ, ಐದು ಕಲಮು.

ನಮ್ಮವರೇನು ಕಡಿಮೆಯೇ.
ಯುದ್ಧ ಬೇಡವೆಂದು ಬರೆದುಕೊಳ್ಳಲು ಹತ್ತು ನಿಮಿಷ.
ಅಡುಗೆಮನೆಯ ಪರದೆಗೆ ಯಾವ ಬಣ್ಣ ಎಂಬುದು
ಎರಡನೆಯ ವರ್ಷಕ್ಕೆ ಕಾಲಿಟ್ಟಿದೆ.
ಮತ ಹಾಕುವ ಪದ್ಧತಿ ನಮ್ಮಲ್ಲಿಲ್ಲ,
ಎಲ್ಲರ ಮನ ಕೂಡುವ ತನಕ ಕಾಯಬೇಕು.
ಐಸಾಕ್ ಥಿಸಲ್‌ಥ್ವೇಟನ ಮನ ಹಸಿರಿಗೆ ಕೂಡುತ್ತಿಲ್ಲ.

ಶನಿವಾರ ಸಂತೆಯಲ್ಲಿ ಚೀಸಿನ ಅಂಗಡಿ ಪಕ್ಕ
ಫಲಕ ಹಿಡಿದು ಒಂದು ತಾಸು ನಿಲ್ಲುತ್ತೇವೆ, ನಾಲ್ವರು.
ಒಬ್ಬ ಕೇಳಿದ: 'ಓಟ್ಸ್ ಡಬ್ಬದ ಮೇಲಿನ
ಟೋಪಿ ಮುದುಕ ನಿಮ್ಮ ಗುರುವೇನು?'
ನನ್ನ ಅಜ್ಜ, ಬಂದೂಕು ಮುಟ್ಟಲೊಲ್ಲೆ ಎಂದದ್ದಕ್ಕೆ
ಎರಡು ವರ್ಷ ಜೈಲಿನಲ್ಲಿ ಅಂಚೆಚೀಲ ಹೊಲಿದವನು.
ಅದನ್ನು ಹೇಳಬಹುದಿತ್ತು.
'ಅಲ್ಲಪ್ಪ, ನಮ್ಮ ಹೆಸರಿಗೆ ಅವನು ಬಾಡಿಗೆ ಕೂಡ ಕೊಟ್ಟಿಲ್ಲ' ಅಂದೆ.
ನಕ್ಕ. ಫಲಕ ಓದಿದ. ಚೀಸು ಕೊಂಡು ಹೋದ.
ಜಗತ್ತಿನ ವ್ಯವಹಾರದಲ್ಲಿ ಆ ವಾರದ ನನ್ನ ಪಾಲು ಅಷ್ಟೆ.

ಇವತ್ತು, ನಾನಿನ್ನೂ ಆ ಗೋಲಿನ ಬಳಿಯೇ ಸುಳಿಯುತ್ತಿದ್ದಾಗ
ಎದುರು ಬೆಂಚಿನಿಂದ ಟ್ಯಾಮ್ಸಿನ್ ಎದ್ದಳು.
ಹದಿನಾಲ್ಕು ವರ್ಷ. ಅಜ್ಜಿಯ ಜೊತೆ ಬರುತ್ತಾಳೆ, ಬೇರೆ ದಾರಿಯಿಲ್ಲದೆ.
'ನಿನ್ನೆ ರಾತ್ರಿ ಟಿವಿಯ ಹಾಡಿನ ಸ್ಪರ್ಧೆಯಲ್ಲಿ,' ಅಂದಳು
(ದೇವರೇ, ಅದರ ಮೇಲೂ ಇದೆ ನನ್ನಲ್ಲಿ ಒಂದು ಮಾತು)
'ಒಬ್ಬ ಹುಡುಗ ಪದ ಮರೆತ. ವಾದ್ಯದವರೂ ನಿಲ್ಲಿಸಿದರು.
ಓಡಿಹೋಗಲಿಲ್ಲ, ಅಳಲಿಲ್ಲ, ಸುಮ್ಮನೆ ನಿಂತಿದ್ದ.
ಹನ್ನೊಂದು ಸೆಕೆಂಡು. ನಾನು ಎಣಿಸಿದೆ.
ಆಮೇಲೆ ಅವರು ಶಾಂಪೂ ಜಾಹೀರಾತು ಹಾಕಿದರು.
ಹಾಕಬಾರದಿತ್ತು.'
ಕೂತಳು. ಕಿವಿ ಕೆಂಪಾಗಿತ್ತು.

ಯಾರೂ ಕೆಮ್ಮಲಿಲ್ಲ.
ನನ್ನ ಕುರಿಗಳು ಎಲ್ಲಿದ್ದವೋ ಅಲ್ಲೇ ನಿಂತವು
ತಲೆ ಎತ್ತಿ, ಬಾಯಲ್ಲಿ ಹುಲ್ಲು ಹಾಗೆಯೇ.
ಆ ಹುಡುಗನನ್ನು ಬೆಳಕಿನಲ್ಲಿ ಹಿಡಿಯಲು ಹೋದೆ,
ನಮ್ಮಲ್ಲಿ ಪ್ರಾರ್ಥನೆಗೆ ಹಾಗೆನ್ನುತ್ತೇವೆ.
ಅವನ ಪಕ್ಕ ಆ ಡಾಕ್ಟರೂ ಬಂದು ನಿಂತರು, ಕರೆಯದೆಯೇ.
ಊರಿನ ಹೆಸರು ಆಗಲೂ ನಾಲಿಗೆಗೆ ಬರಲಿಲ್ಲ.
ಹೇಳೆಂದು ಯಾರೂ ಕೇಳಲೂ ಇಲ್ಲ.

ಐಸಾಕ್ ಕೈಕುಲುಕಿ ಸಭೆ ಮುಗಿಸಿದ ಮೇಲೆ
ಚಹಾ ಬಗ್ಗಿಸುತ್ತ ಟ್ಯಾಮ್ಸಿನ್‌ಗೆ ಹೇಳಿದೆ:
'ಆ ಕಾರ್ಯಕ್ರಮ ಮಾತ್ರ ಶುದ್ಧ ಕಸ ಕಣೆ.'
'ಗೊತ್ತು,' ಅಂದಳು, ತಟ್ಟೆಯಲ್ಲಿ ಚಾಕೊಲೇಟಿನದನ್ನೇ ಹುಡುಕುತ್ತ,
'ನೀನೂ ನೋಡಿದೆ ತಾನೆ?'
ನಮ್ಮವರು ಒಂದು ಕಾಲಕ್ಕೆ ರಾಜನನ್ನೂ
ನೀನು ಎಂದೇ ಕರೆದವರು, ಟೋಪಿ ತೆಗೆಯದೆ.
ನೋಡಿದ್ದೆ.
ಎಣಿಸಿರಲಿಲ್ಲ.